ತೆರೆಯ ಮೇಲಿನ ಅಡುಗೆಮನೆ: ಮನೆ, ಸಜ್ಜಿಕೆ ಮತ್ತು ಸಾಕ್ಷ್ಯದ ಪ್ರಶ್ನೆ

ಬರವಣಿಗೆಯಲ್ಲಿರುವ ಪಾಕಕ್ರಮಕ್ಕೆ ನಿರ್ದಿಷ್ಟವಾದ ಸ್ಥಳದ ಹಂಗಿಲ್ಲ. ಹದಿನಾರನೆಯ ಶತಮಾನದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವನ್ನು ಓದುವವರು ಅಲ್ಲಿ ಹೇಳಿದ ಭಕ್ಷ್ಯವನ್ನು ತಮಗೆ ಪರಿಚಿತವಾದ ಒಲೆಯ ಮೇಲೆಯೇ ಕಲ್ಪಿಸಿಕೊಳ್ಳುತ್ತಾರೆ. ಕಿರುತೆರೆಗೆ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ಅಡುಗೆ ಎಲ್ಲಿಯಾದರೂ ನಡೆಯಲೇಬೇಕು. ಆ ‘ಎಲ್ಲಿ’ ಎಂಬುದು ನೋಡುಗರ ಕಣ್ಣಿಗೆ ಬೀಳಲೇಬೇಕು. ಗೋಡೆಯ ಬಣ್ಣ, ತೂಗುಹಾಕಿದ ಪಾತ್ರೆ, ಕಿಟಕಿಯಾಚೆಯ ಗಿಡ ಇವೆಲ್ಲವೂ ಪಾಕದ ಜೊತೆಗೆ ಬೇರೊಂದು ಸಂಗತಿಯನ್ನೂ ಹೇಳುತ್ತಿರುತ್ತವೆ. ಆಹಾರ ಸಂಸ್ಕೃತಿಯ ಅಧ್ಯಯನದಲ್ಲಿ ಟೆಲಿವಿಷನ್ ಕಾರ್ಯಕ್ರಮಗಳನ್ನು ಆಕರವಾಗಿ ಬಳಸುವವರು ಈ ಹಿನ್ನೆಲೆಯನ್ನು ಗೃಹಜೀವನದ ದಾಖಲೆ ಎಂದು ಓದಿಬಿಡುವ ಸಾಧ್ಯತೆಯಿದೆ. ಸ್ಟುಡಿಯೋ ಕೃತಕ, ಮನೆ ಸಹಜ ಎಂಬ ಸರಳ ವಿಂಗಡಣೆ ಈ ಓದಿನ ಬುಡದಲ್ಲಿದೆ. ಅದನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ಸ್ಥೂಲ ಸಂಗತಿ. ಮನೆಯ ಅಡುಗೆಮನೆಯಲ್ಲಿ ಒಲೆ ಸಾಮಾನ್ಯವಾಗಿ ಗೋಡೆಗೆ ಒರಗಿರುತ್ತದೆ. ಅಡುಗೆ ಮಾಡುವವರ ಮುಖ ಗೋಡೆಯ ಕಡೆಗೆ, ಬೆನ್ನು ಕೋಣೆಯ ಕಡೆಗೆ. ಕ್ಯಾಮೆರಾಕ್ಕೆ ಬೇಕಾದದ್ದು ಇದರ ತದ್ವಿರುದ್ಧ: ಮುಖವೂ ಪಾತ್ರೆಯ ಒಳಗೂ ಒಟ್ಟಿಗೆ ಕಾಣಬೇಕು. ಆದ್ದರಿಂದ ಒಲೆಯನ್ನು ಗೋಡೆಯಿಂದ ಬಿಡಿಸಿ ಕೋಣೆಯ ನಡುವಿನ ಕಟ್ಟೆಗೆ ತರಬೇಕಾಗುತ್ತದೆ. ನಾಲ್ಕನೆಯ ಗೋಡೆಯನ್ನು ತೆಗೆದುಹಾಕಬೇಕಾಗುತ್ತದೆ. ಫ್ರಿಜ್ಜಿನ ಗುಂಯ್‌ಗುಡುವಿಕೆ, ಹೊಗೆ ಹೀರುವ ಫ್ಯಾನಿನ ಸದ್ದು, ಮಸೂರದ ಮೇಲೆ ಕೂರುವ ಆವಿ, ಪಕ್ಕದ ಬೀದಿಯ ವಾಹನ ಇವೆಲ್ಲ ಮನೆಯಲ್ಲಿ ಸಹಜವಾದವು, ಧ್ವನಿಮುದ್ರಣಕ್ಕೂ ಚಿತ್ರೀಕರಣಕ್ಕೂ ವಿಘ್ನಗಳು. ಜೊತೆಗೆ ಕಾಲದ ಸಮಸ್ಯೆಯಿದೆ. ಎರಡು ಗಂಟೆ ಬೇಯಬೇಕಾದ ಪದಾರ್ಥವನ್ನು ಅರ್ಧ ಗಂಟೆಯಲ್ಲಿ ತೋರಿಸಬೇಕಾದರೆ ಅದೇ ಪದಾರ್ಥದ ಬೇರೆ ಬೇರೆ ಹಂತಗಳು ಮರೆಯಲ್ಲಿ ಸಿದ್ಧವಾಗಿರಬೇಕು. ಅಂದರೆ ತೆರೆಯ ಅಡುಗೆಮನೆಯ ಹಿಂದೆ ಕಾಣದ ಇನ್ನೊಂದು ಅಡುಗೆಮನೆ ಇದ್ದೇ ಇರುತ್ತದೆ.

ಕರ್ನಾಟಕದ ಹಳೆಯ ಅಡುಗೆಮನೆಗಳನ್ನು ನೆನೆದರೆ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಒಲೆ, ಒರಳು, ಈಳಿಗೆಮಣೆ ಎಲ್ಲವೂ ನೆಲಮಟ್ಟದವು. ಅಡುಗೆ ಕುಳಿತು ಮಾಡುವ ಕೆಲಸವಾಗಿತ್ತು. ಅನೇಕ ಮನೆಗಳಲ್ಲಿ ಮಡಿಯ ಕಾರಣದಿಂದ ಹೊರಗಿನವರಿಗೆ ಪ್ರವೇಶವಿಲ್ಲದ, ಬೆಳಕು ಕಡಿಮೆಯಿರುವ ಒಳಕೋಣೆ ಅದು. ನಿಂತು, ಎದುರಿಗಿರುವವರನ್ನು ನೋಡುತ್ತ, ಮಾತನಾಡುತ್ತ ಅಡುಗೆ ಮಾಡುವ ಕಿರುತೆರೆಯ ಭಂಗಿ ಈ ಪರಂಪರೆಯಿಂದ ಬಂದುದಲ್ಲ. 1993ರಲ್ಲಿ ಜೀ ಟಿವಿಯಲ್ಲಿ ಆರಂಭವಾಗಿ ಸಂಜೀವ್ ಕಪೂರ್ ಅವರನ್ನು ಮನೆಮಾತಾಗಿಸಿದ ‘ಖಾನಾ ಖಜಾನಾ’ದಂತಹ ಕಾರ್ಯಕ್ರಮಗಳ ಮೂಲಕ ಭಾರತೀಯ ನೋಡುಗರಿಗೆ ರೂಢಿಯಾದ ಈ ಭಂಗಿಯ ಬೇರುಗಳು ಬೇರೆಡೆ ಇವೆ.

ಅವು ಇರುವುದು ಸ್ಟುಡಿಯೋದಲ್ಲಿ. ಬಿಬಿಸಿ 1937ರಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ ಮಾರ್ಸೆಲ್ ಬೂಲೆಸ್ಟಾನ್ ಅವರ ಅಡುಗೆಯನ್ನು ಪ್ರಸಾರ ಮಾಡಿತು. ಅಮೆರಿಕದಲ್ಲಿ 1946ರಲ್ಲಿ ಜೇಮ್ಸ್ ಬಿಯರ್ಡ್ ಅವರ ಕಾರ್ಯಕ್ರಮ ಎನ್‌ಬಿಸಿಯಲ್ಲಿ ಬಂದಿತು. ಅದರ ಪ್ರಾಯೋಜಕರು ಬಾರ್ಡನ್ ಎಂಬ ಹಾಲಿನ ಉತ್ಪನ್ನಗಳ ಕಂಪನಿ. ಆದರೆ ಮನೆ ಮತ್ತು ಸಜ್ಜಿಕೆಯ ಸಂಬಂಧದ ಎಲ್ಲ ತಿರುವುಗಳೂ ಒಬ್ಬರದೇ ವೃತ್ತಿಜೀವನದಲ್ಲಿ ಕಾಣಸಿಗುವುದು ಜೂಲಿಯಾ ಚೈಲ್ಡ್ (1912–2004) ಅವರಲ್ಲಿ.

ಸಿಮೋನ್ ಬೆಕ್ ಮತ್ತು ಲೂಯಿಸೆಟ್ ಬರ್ತೋಲ್ ಅವರೊಡನೆ ಬರೆದ ಫ್ರೆಂಚ್ ಪಾಕಶಾಸ್ತ್ರದ ಗ್ರಂಥ 1961ರಲ್ಲಿ ಪ್ರಕಟವಾದ ಮೇಲೆ ಅವರು ಬಾಸ್ಟನ್ನಿನ ಡಬ್ಲ್ಯುಜಿಬಿಎಚ್ ಎಂಬ ಶೈಕ್ಷಣಿಕ ವಾಹಿನಿಯ ಪುಸ್ತಕ ಪರಿಚಯದ ಕಾರ್ಯಕ್ರಮಕ್ಕೆ ಬಂದರು. ಪುಸ್ತಕದ ಮಾತಿನ ನಡುವೆ ಬಿಸಿತಟ್ಟೆಯೊಂದರ ಮೇಲೆ ಆಮ್ಲೆಟ್ ಮಾಡಿ ತೋರಿಸಿದರು. ಪ್ರೇಕ್ಷಕರು ಇಂಥದ್ದು ಇನ್ನಷ್ಟು ಬೇಕೆಂದು ಪತ್ರ ಬರೆದರು. ಆದರೆ ವಾಹಿನಿಯ ಸ್ಟುಡಿಯೋ 1961ರ ಅಕ್ಟೋಬರಿನಲ್ಲಿಯೇ ಬೆಂಕಿಗೆ ಆಹುತಿಯಾಗಿತ್ತು. ಹೀಗಾಗಿ 1962ರ ಪ್ರಾಯೋಗಿಕ ಕಂತುಗಳು ಬಾಸ್ಟನ್ ಗ್ಯಾಸ್ ಕಂಪನಿಯ ಸಭಾಂಗಣದಲ್ಲಿ ಚಿತ್ರಿತವಾದವು. 1963ರ ಫೆಬ್ರವರಿಯಲ್ಲಿ ಪ್ರಸಾರವಾಗತೊಡಗಿದ ‘ದಿ ಫ್ರೆಂಚ್ ಶೆಫ್’ ಸರಣಿಗೆ ದೊರೆತದ್ದು ಕೇಂಬ್ರಿಜ್ ಎಲೆಕ್ಟ್ರಿಕ್ ಲೈಟ್ ಕಂಪನಿಯ ಪ್ರಾತ್ಯಕ್ಷಿಕೆಯ ಅಡುಗೆಮನೆ. ಒಲೆಗಳ ಬಳಕೆಯನ್ನು ಗೃಹಿಣಿಯರಿಗೆ ತೋರಿಸಿ ಗ್ರಾಹಕರನ್ನು ಸಂಪಾದಿಸಲು ಇಂಥ ಕಂಪನಿಗಳು ಅಂಥ ಕೋಣೆಗಳನ್ನು ಇಟ್ಟುಕೊಂಡಿದ್ದವು. ಅದು ಮನೆಯೂ ಅಲ್ಲ, ಸ್ಟುಡಿಯೋವೂ ಅಲ್ಲ. ಒಂದು ಬಗೆಯ ಅಂಗಡಿ.

ಕ್ಯಾಮೆರಾಗಳು ಎರಡು. ಅರ್ಧ ಗಂಟೆಗೆ ತುಸು ಕಡಿಮೆಯಿದ್ದ ಕಂತು ಸಾಧ್ಯವಾದಷ್ಟೂ ತಡೆಯಿಲ್ಲದೆ, ನೇರಪ್ರಸಾರದ ರೀತಿಯಲ್ಲಿಯೇ ಮುದ್ರಣವಾಗುತ್ತಿತ್ತು. ತಪ್ಪು ನಡೆದರೆ ಅದನ್ನು ನುಂಗಿಕೊಂಡು ಮುಂದುವರಿಯಬೇಕು. ಚೈಲ್ಡ್ ಅವರ ಜನಪ್ರಿಯತೆಗೆ ಕಾರಣವಾದ ಸಹಜತೆ, ಎಡವಿದಾಗಲೂ ನಗುವ ಧೈರ್ಯ, ಮನೆಯ ವಾತಾವರಣದಿಂದ ಬಂದದ್ದಲ್ಲ. ಎರವಲು ಸ್ಥಳ ಮತ್ತು ಮುದ್ರಣದ ಇಕ್ಕಟ್ಟುಗಳಿಂದ ಬಂದದ್ದು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕಂತಿನ ಕೊನೆಗೆ ಅವರು ಸಿದ್ಧವಾದ ಖಾದ್ಯವನ್ನು ಊಟದ ಮೇಜಿಗೆ ಒಯ್ದು ಬಡಿಸಿಕೊಂಡು ಕೂರುತ್ತಿದ್ದರು. ಆ ಊಟದ ಕೋಣೆಯೂ ಸಜ್ಜಿಕೆಯೇ. ಸ್ಥಳ ಮನೆಯಲ್ಲದಿದ್ದುದರಿಂದಲೇ ಮನೆಯ ಭಾವವನ್ನು ಹೀಗೆ ಅಭಿನಯಿಸಿ ತೋರಿಸಬೇಕಾಗಿತ್ತು. ಸಂಶೋಧಕರಿಗೆ ಇನ್ನೊಂದು ವಿವರ ಉಪಯುಕ್ತ: ಚೈಲ್ಡ್ ಅವರ ಸ್ವಂತ ಮನೆಯಲ್ಲಿದ್ದದ್ದು 1950ರ ದಶಕದಲ್ಲಿ ಕೊಂಡ, ಹೋಟೆಲುಗಳಲ್ಲಿ ಬಳಸುವಂತಹ ಗಾರ್ಲ್ಯಾಂಡ್ ಗ್ಯಾಸ್ ಒಲೆ. ವಿದ್ಯುತ್ ಕಂಪನಿಯ ಕೋಣೆಯಲ್ಲಿ ಅವರು ಅಡುಗೆ ಮಾಡಿದ್ದು ವಿದ್ಯುತ್ ಒಲೆಯ ಮೇಲೆ. ತೆರೆಯನ್ನು ನಂಬಿ ಆ ಕಾಲದ ಪಾಕಪ್ರವೀಣೆಯೊಬ್ಬರ ಗೃಹೋಪಕರಣಗಳ ಚರಿತ್ರೆಯನ್ನು ಬರೆಯಹೊರಟರೆ ಒಲೆಯಲ್ಲಿಯೇ ತಪ್ಪುತ್ತದೆ.

ವಾಹಿನಿಗೆ ಹೊಸ ಕಟ್ಟಡವಾದ ಮೇಲೆ ಸರಣಿ ಅಲ್ಲಿಯ ಸ್ಟುಡಿಯೋಕ್ಕೆ ಹೋಯಿತು. ನಿಜವಾದ ಮನೆ ತೆರೆಯ ಮೇಲೆ ನೆಲೆಯಾಗಿ ಕಾಣಿಸಿಕೊಂಡದ್ದು ಮೂರು ದಶಕಗಳ ನಂತರ. 1995ರ ‘ಇನ್ ಜೂಲಿಯಾಸ್ ಕಿಚನ್ ವಿತ್ ಮಾಸ್ಟರ್ ಶೆಫ್ಸ್’, 1996ರ ‘ಬೇಕಿಂಗ್ ವಿತ್ ಜೂಲಿಯಾ’ ಹಾಗೂ ಜಾಕ್ ಪೆಪೆನ್ ಅವರೊಡನೆ ಮಾಡಿದ 1999ರ ಸರಣಿ ಕೇಂಬ್ರಿಜ್‌ನಲ್ಲಿದ್ದ ಅವರ ಮನೆಯಲ್ಲಿ ಚಿತ್ರಿತವಾದವು. ಸುಮಾರು 20 ಅಡಿ ಉದ್ದ, 14 ಅಡಿ ಅಗಲದ ಆ ಅಡುಗೆಮನೆಯನ್ನು 1961ರಲ್ಲಿ ರೂಪಿಸಿದವರು ಅವರ ಪತಿ ಪಾಲ್ ಚೈಲ್ಡ್. ಆರಡಿ ಎರಡಂಗುಲ ಎತ್ತರದ ಪತ್ನಿಗಾಗಿ ಕಟ್ಟೆಗಳನ್ನು ವಾಡಿಕೆಯ 36 ಅಂಗುಲದ ಬದಲು 38 ಅಂಗುಲಕ್ಕೆ ಏರಿಸಿದ್ದರು. ಗೋಡೆಯ ಹಲಗೆಯ ಮೇಲೆ ಪ್ರತಿ ಪಾತ್ರೆಯ ಹೊರರೇಖೆಯನ್ನು ಬರೆದು ಅದರ ಜಾಗವನ್ನು ಗುರುತಿಸಿದ್ದರು. ಒಬ್ಬ ವ್ಯಕ್ತಿಯ ದೇಹಕ್ಕೂ ಅಭ್ಯಾಸಕ್ಕೂ ಇಷ್ಟು ಹೊಂದಿಕೊಂಡ ಕೋಣೆ ಸಿಗುವುದು ಅಪರೂಪ. ಆದರೆ ಚಿತ್ರೀಕರಣಕ್ಕಾಗಿ ನಡುವಿನ ಊಟದ ಮೇಜನ್ನೇ ಹೊರಗಿಟ್ಟು ಅಲ್ಲಿ ಒಲೆಸಹಿತವಾದ ಕಟ್ಟೆಯನ್ನು ನಿಲ್ಲಿಸಲಾಯಿತು; ಚಾವಣಿಗೆ ದೀಪಗಳು ಬಂದವು. ಮನೆಯವರು ಕುಳಿತು ಉಣ್ಣುತ್ತಿದ್ದ ಜಾಗವೇ ಮನೆಯ ಅಡುಗೆಯನ್ನು ತೋರಿಸುವ ಸಲುವಾಗಿ ಇಲ್ಲವಾಯಿತು. ಸ್ಟುಡಿಯೋದಲ್ಲಿ ಊಟದ ಮೇಜನ್ನು ಕಟ್ಟಿಸಿಕೊಂಡ ಮಾಧ್ಯಮ ಮನೆಗೆ ಬಂದಾಗ ಅದನ್ನೇ ಎತ್ತಿ ಹೊರಗಿಟ್ಟಿತು.

ಇಂಗ್ಲೆಂಡಿನಲ್ಲಿಯೂ 1990ರ ದಶಕದ ವೇಳೆಗೆ ಮನೆಯತ್ತ ಒಲವು ಕಾಣುತ್ತದೆ. ಡೆಲಿಯಾ ಸ್ಮಿತ್ ಅವರ ಆ ಕಾಲದ ಸರಣಿಗಳು ಸಫೋಕ್‌ನ ಅವರ ಮನೆಗೆ ಸೇರಿದ ಗಾಜಿನ ಕೋಣೆಯಲ್ಲಿ ಚಿತ್ರಿತವಾದವು. ಹಿಂದೆ ತೋಟದ ಹಸಿರು, ಸುತ್ತ ಹಗಲಿನ ಬೆಳಕು. ವಿಳಾಸ ಮನೆಯದು, ಕೋಣೆ ಟೆಲಿವಿಷನ್ನಿನದು. ನೈಜೆಲಾ ಲಾಸನ್ ತಮ್ಮ ಲಂಡನ್ ಮನೆಯಿಂದ ಆರಂಭಿಸಿದರು. ಮುಂದಿನ ಸರಣಿಗಳಲ್ಲಿ ಅವರ ಅಡುಗೆಮನೆಯ ಹೋಲಿಕೆಯಲ್ಲಿ ಕಟ್ಟಿದ ಸೆಟ್ಟು ಬಳಕೆಗೆ ಬಂದಿತು. ಇಲ್ಲಿ ಸೆಟ್ಟು ಮನೆಯನ್ನು ಅನುಕರಿಸುತ್ತಿದೆ ಎನ್ನುವುದಕ್ಕಿಂತ, ಮೊದಲ ಸರಣಿಯಲ್ಲಿ ತೆರೆಯ ಮೇಲೆ ಬಂದ ಮನೆಯನ್ನು ಅನುಕರಿಸುತ್ತಿದೆ ಎನ್ನುವುದು ಹೆಚ್ಚು ಸರಿ. ಇದನ್ನು ವಂಚನೆ ಎಂದು ದೂರುವವರಿದ್ದಾರೆ. ರಂಗಭೂಮಿಯ ಸಜ್ಜಿಕೆಯನ್ನು ಯಾರೂ ಹಾಗೆ ದೂರುವುದಿಲ್ಲ. ಈ ಅಸಮಾಧಾನದ ಮೂಲ ಇರುವುದು ಗೋಡೆಗಳಲ್ಲಲ್ಲ. ‘ನನ್ನ ಮನೆಗೆ ಬನ್ನಿ’ ಎಂಬ ಧಾಟಿಯ ಮಾತಿನಲ್ಲಿ. ಆದ್ದರಿಂದ ಅಧ್ಯಯನಕಾರರು ಎಲ್ಲಿ ಚಿತ್ರಿಸಿದರು ಎಂಬ ಪ್ರಶ್ನೆಯ ಜೊತೆಗೆ, ಎಲ್ಲಿದ್ದೇವೆಂದು ನೋಡುಗರಿಗೆ ಹೇಳಿದರು, ಏನನ್ನು ಕದಲಿಸಿದರು, ಆ ಸ್ಥಳದ ವೆಚ್ಚವನ್ನು ಹೊತ್ತವರು ಯಾರು ಎಂಬುದನ್ನೂ ಕೇಳಬೇಕಾಗುತ್ತದೆ. ಕನ್ನಡ ವಾಹಿನಿಗಳ ಅಡುಗೆ ಕಾರ್ಯಕ್ರಮಗಳಿಗೂ ಇವೇ ಪ್ರಶ್ನೆಗಳು ಅನ್ವಯಿಸುತ್ತವೆ. ಪ್ರಾಯೋಜಕರ ಹೆಸರು ಬರೆದ ಸೆಟ್ಟಿನಲ್ಲಿ ಅತಿಥಿಯಾಗಿ ನಿಂತು ಅಡುಗೆ ಮಾಡುವ ಗೃಹಿಣಿಗೂ, ತನ್ನದೇ ಮನೆಯಲ್ಲಿ ತಂತ್ರಜ್ಞರ ನಡುವೆ ಅಡುಗೆ ಮಾಡುವ ಗೃಹಿಣಿಗೂ ಮಾತಿನ ವರಸೆಯೇ ಬೇರೆಯಾಗಿರುತ್ತದೆ. ಭಾಷಾಧ್ಯಯನಕ್ಕೆ ಇದು ಒಳ್ಳೆಯ ಸಾಮಗ್ರಿ.

2001ರಲ್ಲಿ ಚೈಲ್ಡ್ ಕ್ಯಾಲಿಫೋರ್ನಿಯಾಕ್ಕೆ ತೆರಳುವಾಗ ತಮ್ಮ ಅಡುಗೆಮನೆಯನ್ನು ಸ್ಮಿತ್ಸೋನಿಯನ್ ಸಂಸ್ಥೆಯ ರಾಷ್ಟ್ರೀಯ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ದಾನ ಮಾಡಿದರು. ಸಾವಿರಕ್ಕೂ ಹೆಚ್ಚು ವಸ್ತುಗಳನ್ನು ಒಂದೊಂದಾಗಿ ಪಟ್ಟಿಮಾಡಿ ವಾಷಿಂಗ್ಟನ್ನಿಗೆ ಸಾಗಿಸಿ, 2002ರಲ್ಲಿ ಆ ಕೋಣೆಯನ್ನು ಮತ್ತೆ ಜೋಡಿಸಿ ಪ್ರದರ್ಶನಕ್ಕಿಡಲಾಯಿತು. ಒಲೆ, ಪಾತ್ರೆಗಳು, ಹೊರರೇಖೆ ಬರೆದ ಹಲಗೆ ಎಲ್ಲವೂ ಅಲ್ಲಿವೆ. ಚಿತ್ರೀಕರಣದ ವೇಳೆ ಹೊರಗೆ ಹೋಗಿದ್ದ ಊಟದ ಮೇಜು ಈಗ ಕೋಣೆಯ ನಡುವೆ ತನ್ನ ಜಾಗಕ್ಕೆ ಮರಳಿದೆ. ಸಂದರ್ಶಕರು ಅದನ್ನು ಪಾರದರ್ಶಕ ಫಲಕಗಳ ಈಚೆ ನಿಂತು ನೋಡುತ್ತಾರೆ.