ಹಿಪ್ಪುನೇರಳೆಯೊಳಗಿನ ಕದಿರು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ನಮಗೆಲ್ಲ ಗೊತ್ತು. ಆ ಹುಳುವಿನ ಮೇವಾದ ಹಿಪ್ಪುನೇರಳೆಯ ಜೀವಕೋಶದೊಳಗೂ ಎಳೆಗಳ ಜಾಲವಿದೆ. ಅದೇ ಸೈಟೋಸ್ಕೆಲಿಟನ್, ಅಂದರೆ ಕೋಶದ ಅಸ್ಥಿಪಂಜರ. ಆದರೆ ಇದು ಮೂಳೆಯಂತೆ ಸ್ಥಿರವಲ್ಲ. ಇದರ 25 ನ್ಯಾನೊಮೀಟರ್ ದಪ್ಪದ ಮೈಕ್ರೊಟ್ಯೂಬ್ಯೂಲ್ ಎಂಬ ಕೊಳವೆಗಳ ತುದಿಗೆ ಟ್ಯುಬುಲಿನ್ ಪ್ರೋಟೀನ್ ಸೇರಿದರೆ ಅವು ಬೆಳೆಯುತ್ತವೆ, ಕಳಚಿದರೆ ಕುಗ್ಗುತ್ತವೆ. ತುದಿಯ ಟ್ಯುಬುಲಿನ್ ಜಿಟಿಪಿ ಹೊತ್ತಿರುವವರೆಗೆ ಕೊಳವೆ ಭದ್ರ.

ಕೋಶ ವಿಭಜನೆಯಾಗುವಾಗ ಈ ಕೊಳವೆಗಳೇ ಕದಿರಿನ ಆಕಾರದಲ್ಲಿ ಜೋಡಿಸಿಕೊಂಡು ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುತ್ತವೆ. ಹಿಪ್ಪುನೇರಳೆಯ ಎಳೆಮೊಗ್ಗಿಗೆ ಕೊಲ್ಚಿಸಿನ್ ಹಚ್ಚಿದರೆ ಅದು ಟ್ಯುಬುಲಿನ್‌ಗೆ ಅಂಟಿ, ಕದಿರು ಕಟ್ಟದಂತೆ ತಡೆಯುತ್ತದೆ. ಆಗ ಎರಡು ಪಾಲೂ ಒಂದೇ ಕೋಶದಲ್ಲಿ ಉಳಿದು, 28 ವರ್ಣತಂತುಗಳು 56 ಆಗುತ್ತವೆ. ಅಂಥ ಗಿಡವನ್ನು ಸಾಮಾನ್ಯ ಗಿಡದೊಂದಿಗೆ ಸಂಕರಿಸಿ 42 ವರ್ಣತಂತುಗಳ ತಳಿಗಳನ್ನು ಪಡೆಯುತ್ತಾರೆ.

ಲ್ಯಾಬಿನಲ್ಲಿ ಈರುಳ್ಳಿ ಬೇರಿನ ತುದಿ ನೋಡುವಾಗ ನೆನಪಿಡಿ: ವರ್ಣತಂತುಗಳು ತಾವಾಗಿ ಸರಿಯುವುದಿಲ್ಲ, ಕಣ್ಣಿಗೆ ಕಾಣದ ಎಳೆಗಳು ಅವನ್ನು ಎಳೆಯುತ್ತಿವೆ.