ಮಾರುತಿ 800 ಮತ್ತು ಝೆನ್: ಯಾವುದು ಚುರುಕು?

ಕಾರಿನ ವೇಗೋತ್ಕರ್ಷವನ್ನು, ಅಂದರೆ ವೇಗ ಏರುವ ಚುರುಕುತನವನ್ನು, ತರುಣರ ಮೋಜೆಂದು ಹಿರಿಯರು ತಳ್ಳಿಹಾಕುವುದುಂಟು. ಆದರೆ ಹೆದ್ದಾರಿಯಲ್ಲಿ ಲಾರಿಯೊಂದನ್ನು ದಾಟುವಾಗ ಕುಟುಂಬದ ಕ್ಷೇಮವು ಅದನ್ನೇ ಅವಲಂಬಿಸಿರುತ್ತದೆ. 1983ರಲ್ಲಿ ಬಂದ ಮಾರುತಿ 800 ಹಾಗೂ 1993ರಲ್ಲಿ ಬಂದ ಝೆನ್ ಕಾರುಗಳನ್ನು ಹೋಲಿಸಿ ನೋಡೋಣ. ಇವೆರಡರ ತಯಾರಿಕೆಯೂ ನಿಂತಿದೆ. ಆದರೂ ಹಳೆಯ ಗಾಡಿಗಳು ಇನ್ನೂ ಕೆಲವರ ಮನೆಗಳಲ್ಲಿವೆ.

ಮೊದಲನೆಯದರದು 796 ಸಿ.ಸಿ.ಯ, ಮೂರು ಸಿಲಿಂಡರುಗಳ ಎಂಜಿನ್. ಬಲ 40 ಅಶ್ವಶಕ್ತಿಗೆ ತುಸು ಕಡಿಮೆ. ಝೆನ್‌ಗೆ 993 ಸಿ.ಸಿ., ನಾಲ್ಕು ಸಿಲಿಂಡರು, ಸುಮಾರು 50 ಅಶ್ವಶಕ್ತಿ. ಅದು ನೂರು ಕಿಲೋದಷ್ಟು ಹೆಚ್ಚು ಭಾರವಿದ್ದರೂ ಮುನ್ನುಗ್ಗುವುದರಲ್ಲಿ ಅದೇ ಮೇಲು.

ಕಾರುಗಳನ್ನು ಪರೀಕ್ಷಿಸುವವರು ಸಾಮಾನ್ಯವಾಗಿ ಒಬ್ಬಿಬ್ಬರೇ ಕುಳಿತಿರುತ್ತಾರೆ. ನಾವಾದರೋ ಐವರು ಕುಳಿತು, ಬುತ್ತಿಗಂಟುಗಳನ್ನೂ ಹೇರಿಕೊಂಡು ಹೊರಡುವವರು! ಸುಮಾರು 650 ಕಿಲೋ ತೂಗುವ 800ರ ಮೇಲೆ 300 ಕಿಲೋ ಹೊರೆ ಬಿದ್ದರೆ, ಚಾಲಕನೊಬ್ಬನೇ ಇದ್ದಾಗಿನದಕ್ಕಿಂತ ವೇಗವೇರಲು ಮೂರನೆಯ ಒಂದು ಪಾಲಿನಷ್ಟು ಹೆಚ್ಚು ಕಾಲ ಬೇಕಾಗುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಬರುವ ವಾಹನಗಳು ಸೆಕೆಂಡಿಗೆ ಸುಮಾರು 44 ಮೀಟರ್ ಸಮೀಪಿಸುತ್ತವೆ. ದಾಟುವುದು ಎರಡು ಸೆಕೆಂಡು ತಡವಾದರೆ 88 ಮೀಟರಿನಷ್ಟು ಹೆಚ್ಚು ತೆರವಾದ ದಾರಿ ಬೇಕು. ಆದುದರಿಂದ ಗಾಡಿ ತುಂಬಿದ್ದಾಗ, ಝೆನ್ ಆದರೂ ಸರಿಯೇ, ಗೇರನ್ನು ಒಂದು ಮೆಟ್ಟಿಲು ಇಳಿಸಿಕೊಂಡೇ ದಾಟತಕ್ಕದ್ದು.