ಹಳೆಯ ಗಾಳದ ರೀಲು ಇಂದು ಕೆಲಸಕ್ಕೆ ಬಂದೀತೆ?

ಹತ್ತು ಗ್ರಾಂ ತೂಕದ ವಸ್ತುವೊಂದನ್ನು ಮೂವತ್ತು ಮೀಟರು ದೂರ ಎಸೆಯುವುದು ಹೇಳಿಕೊಳ್ಳುವಂಥ ಸಾಹಸವೇನಲ್ಲ. ಆದರೆ ಅದಕ್ಕೆ ದಾರವೊಂದನ್ನು ಕಟ್ಟಿ, ಆ ದಾರವನ್ನು ಉರುಳೆಯೊಂದಕ್ಕೆ ಸುತ್ತಿ, ಬಳಿಕ ಎಸೆದು ನೋಡಿದರೆ ಕಷ್ಟದ ಅರಿವಾಗುವುದು. ಹಾರುವ ವಸ್ತು ಉರುಳೆಯನ್ನು ತಿರುಗಿಸಿಕೊಂಡೇ ಮುಂದೆ ಸಾಗಬೇಕು. ನಿಶ್ಚಲವಾಗಿರುವ ಉರುಳೆಯನ್ನು ತಿರುಗಿಸಲು ಅದರ ಜಡತ್ವವನ್ನು ಮೀರಬೇಕು; ಹತ್ತು ಗ್ರಾಂ ತೂಕದ ಬಡಪಾಯಿಗೆ ಅಷ್ಟು ಶಕ್ತಿ ಎಲ್ಲಿಯದು? ಉರುಳೆ ಹೇಗೋ ವೇಗವನ್ನು ಪಡೆಯಿತೆನ್ನಿ. ವಸ್ತು ನೀರಿಗೆ ಬಿದ್ದು ನಿಂತ ಮೇಲೂ ಅದೇ ಜಡತ್ವದ ದೆಸೆಯಿಂದ ಅದು ತಿರುಗುತ್ತಲೇ ಇರುವುದು. ಹೊರಹೋಗಲು ಹಾದಿಯಿಲ್ಲದ ದಾರ ಅಲ್ಲಿಯೇ ರಾಶಿಬಿದ್ದು, ಬಿಡಿಸಲಾಗದ ಸಿಕ್ಕಾಗುವುದು. ಗಾಳ ಹಾಕಿ ಮೀನು ಹಿಡಿಯುವವರನ್ನು ಬಹುಕಾಲ ಪೀಡಿಸಿದ ತೊಡಕು ಇದೇ.

ಪರಿಹಾರ ಮಾತ್ರ ನೇಯ್ಗೆಯವರ ಕೈಯಲ್ಲಿ ಮೊದಲಿನಿಂದಲೂ ಇತ್ತು. ಮಗ್ಗದ ಲಾಳಿಯನ್ನು ನೋಡಿದವರಿಗೆ ಇದು ತಿಳಿದೀತು. ಲಾಳಿ ಅತ್ತಿಂದಿತ್ತ ಓಡುವಾಗ ಅದರೊಳಗಿನ ಕಂಡಿಕೆ ತಿರುಗುವುದಿಲ್ಲ. ಹೊಕ್ಕಿನ ನೂಲು ಕಂಡಿಕೆಯ ತುದಿಯಿಂದ ಸುರುಳಿಸುರುಳಿಯಾಗಿ ಜಾರಿಕೊಂಡು ಬರುವುದು. ಉರುಳೆ ನಿಂತಿರಲಿ, ನೂಲು ಮಾತ್ರ ಚಲಿಸಲಿ ಎಂಬುದೇ ಇಲ್ಲಿಯ ಗುಟ್ಟು. ಸ್ಕಾಟ್ಲೆಂಡಿನ ಪರ್ತ್ ಪಟ್ಟಣದ ಪೀಟರ್ ಮ್ಯಾಲಕ್ ಎಂಬಾತ ೧೮೮೪ರಲ್ಲಿ ಇದರ ಅರ್ಧದಾರಿಯನ್ನು ಕ್ರಮಿಸಿದ. ಆತನ ರೀಲಿನ ಉರುಳೆಯನ್ನು ಎಸೆಯುವಾಗ ಕಾಲುಸುತ್ತು ಹೊರಳಿಸಿ, ದಾರವನ್ನು ಪಕ್ಕದಿಂದ ಜಾರಬಿಟ್ಟು, ಮರಳಿ ಸುತ್ತುವಾಗ ಉರುಳೆಯನ್ನು ಮೊದಲಿನಂತೆ ತಿರುಗಿಸಿಕೊಳ್ಳಬೇಕಾಗಿತ್ತು. ೧೯೦೫ರಲ್ಲಿ ಜವಳಿ ಉದ್ಯಮದ ಮನೆತನಕ್ಕೆ ಸೇರಿದ ಆಂಗ್ಲ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ ಉಳಿದರ್ಧವನ್ನು ಪೂರೈಸಿದ. ಆತ ಹಕ್ಕುಪತ್ರ ಪಡೆದ ರೀಲಿನಲ್ಲಿ ಎಸೆಯುವಾಗಲೂ ಸುತ್ತುವಾಗಲೂ ಉರುಳೆ ತಿರುಗದು. ಹಿಡಿಯನ್ನು ತಿರುಗಿಸಿದರೆ ಉರುಳೆಯ ಸುತ್ತ ಒಂದು ಕೈ ಪ್ರದಕ್ಷಿಣೆ ಬರುತ್ತ, ದಾರವನ್ನು ಹಿಡಿದು ಅದರ ಮೇಲೆ ಸುತ್ತುವುದು. ಸ್ಥಿರ ಉರುಳೆಯ ರೀಲು ಎಂದರೆ ಇದೇ. ಆ ಕೈಗೆ ದಾರವನ್ನು ತಾನಾಗಿಯೇ ಹಿಡಿದುಕೊಳ್ಳುವ ಪೂರ್ಣ ತಂತಿಯ ಕಮಾನು ಬಂದುದು ೧೯೩೨ರ ಹಾರ್ಡಿ ಸಂಸ್ಥೆಯ ಆಲ್ಟೆಕ್ಸ್ ರೀಲಿನಲ್ಲಿ.

ಇಷ್ಟಾದರೂ ಇದು ಮನೆಮಾತಾಗಲು ರಸಾಯನ ವಿಜ್ಞಾನದ ನೆರವು ಬೇಕಾಯಿತು. ರೇಷ್ಮೆಯ ದಾರ ನೀರು ಕುಡಿದು ಕೊಳೆಯುತ್ತಿತ್ತು. ೧೯೩೫ರಲ್ಲಿ ಅಮೆರಿಕದ ಡ್ಯುಪಾಂಟ್ ಪ್ರಯೋಗಾಲಯದಲ್ಲಿ ಕರೋದರ್ಸ್ ಮತ್ತು ಆತನ ಸಂಗಡಿಗರು ನೈಲಾನನ್ನು ತಯಾರಿಸಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಒಂಟಿ ಎಳೆಯ ನೈಲಾನ್ ದಾರ ಎಲ್ಲೆಡೆ ಹರಡಿತು. ಸಣ್ಣಗಾಗಿ, ನುಣುಪಾಗಿ, ಕೊಳೆಯದೆ ಇರುವ ಈ ದಾರಕ್ಕೂ ನಿಂತ ಉರುಳೆಗೂ ಹೇಳಿ ಮಾಡಿಸಿದ ಜೋಡಿ. ಆ ಕಾಲದ ಎರಡು ಪ್ರಸಿದ್ಧ ರೀಲುಗಳು ಗಡಿಯಾರದ ಕಸುಬಿನಿಂದ ಹುಟ್ಟಿದುವೆಂಬುದು ಗಮನಾರ್ಹ. ಮಿಚೆಲ್ ರೀಲು ತಯಾರಾದುದು ಫ್ರಾನ್ಸಿನ ಆಲ್ಪ್ಸ್ ತಪ್ಪಲಿನ ಕ್ಲೂಸ್ ಎಂಬ ಗಡಿಯಾರದ ಊರಿನಲ್ಲಿ. ಕಾರ್ಡಿನಲ್ ರೀಲನ್ನು ಮಾಡಿದ ಸ್ವೀಡನ್ನಿನ ಆಬು ಸಂಸ್ಥೆ ೧೯೨೧ರಲ್ಲಿ ಗಡಿಯಾರದ ಕಾರ್ಖಾನೆಯಾಗಿಯೇ ಆರಂಭವಾಯಿತು. ಹಲ್ಲುಚಕ್ರಗಳನ್ನು ಕೊರೆಯಬಲ್ಲ ಕೈಗಳಿಗೆ ಬೇರೊಂದು ಕೆಲಸ ದೊರೆಯಿತಷ್ಟೆ.

ಅರುವತ್ತು ಎಪ್ಪತ್ತು ವರ್ಷ ಹಿಂದಿನ ಇಂಥ ರೀಲುಗಳು ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಇಂದಿಗೂ ಧಾರಾಳವಾಗಿ ಸಿಕ್ಕುತ್ತವೆ. ಗಾಜಿನ ಬೀರುವಿನಲ್ಲಿಟ್ಟು ನೋಡುವವರನ್ನು ನಾವು ಆಕ್ಷೇಪಿಸೆವು. ಆದರೆ ಅವುಗಳನ್ನು ವಾರವಾರವೂ ನದಿಗೆ ಕೊಂಡೊಯ್ದು ದುಡಿಸಬಹುದೆ? ದುಡಿಸಬಹುದು, ಆದರೆ ಮೊದಲು ಒಂದೆರಡು ವಿಷಯಗಳನ್ನು ಅರಿತಿರಬೇಕು. ಅರಿಯದೆ ಹೋದರೆ ನಷ್ಟ ಗಾಳ ಹಾಕಿದವನಿಗಷ್ಟೇ ಅಲ್ಲ. ದಾರ ಹರಿದಾಗ ಬಾಯಲ್ಲಿ ಕೊಕ್ಕೆಯನ್ನೂ ಹಿಂದೆ ಹತ್ತಾರು ಮೀಟರು ನೈಲಾನನ್ನೂ ಎಳೆದುಕೊಂಡು ಹೋಗುವುದು ಮೀನು. ಆ ದಾರ ಬೇರಿಗೋ ಬಂಡೆಗೋ ಸುತ್ತಿಕೊಂಡರೆ ಅದರ ಗತಿ ಏನೆಂದು ಬೇರೆ ಹೇಳಬೇಕಾಗಿಲ್ಲ.

ಆದುದರಿಂದ ಮೊದಲು ನೋಡಬೇಕಾದುದು ಡ್ರ್ಯಾಗ್ ಎಂಬ ಜಾರುತಡೆಯನ್ನು. ಮೀನು ಬಲವಾಗಿ ಎಳೆದಾಗ ಮಾತ್ರ ನಿಂತ ಉರುಳೆ ತನ್ನ ನಿಯಮವನ್ನು ಮುರಿದು, ಬಿಗಿದ ಬಿಲ್ಲೆಗಳ ನಡುವೆ ಜಾರುತ್ತ ತಿರುಗಿ ದಾರವನ್ನು ಬಿಟ್ಟುಕೊಡುವುದು. ಹಳೆಯ ರೀಲುಗಳಲ್ಲಿ ಈ ಬಿಲ್ಲೆಗಳು ತೊಗಲಿನವೋ ನಾರಿನವೋ ಆಗಿರುವುದು ಸಾಮಾನ್ಯ. ಒಣಗಿದ ತೊಗಲು ಲೋಹಕ್ಕೆ ಕಚ್ಚಿಕೊಂಡಿರುವುದು. ನಿಶ್ಚಲ ಘರ್ಷಣೆ ಚಲನೆಯ ಘರ್ಷಣೆಗಿಂತ ಹೆಚ್ಚೆಂಬುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ತೊಗಲು ಒಣಗಿದಾಗ ಈ ಎರಡರ ಅಂತರ ಇನ್ನೂ ಹಿಗ್ಗುವುದು. ಆಗ ಉರುಳೆ ಮೊದಲು ಮಿಸುಕದೆ, ಅನಂತರ ತಟ್ಟನೆ ಕಿತ್ತುಕೊಂಡು ಓಡುವುದು. ಹರಿಯುವುದು ಬಹುಪಾಲು ಆ ಮೊದಲ ಕ್ಷಣದಲ್ಲಿಯೇ. ತೊಗಲಿಗೆ ಎಣ್ಣೆ ಕುಡಿಸಿದರೆ, ಇಲ್ಲವೆ ಹೊಸ ಬಿಲ್ಲೆಗಳನ್ನು ಕತ್ತರಿಸಿ ಹಾಕಿದರೆ ಈ ದೋಷ ನೀಗುವುದು.

ಬಿಗಿತವನ್ನು ಅಂದಾಜಿಗೆ ಬಿಡದೆ ಅಳೆದು ನೋಡುವುದು ಲೇಸು. ದಾರ ೪ ಕಿಲೋಗ್ರಾಂ ಭಾರಕ್ಕೆ ಹರಿಯುವಂಥದಾದರೆ ಅದರ ಕಾಲುಭಾಗಕ್ಕೆ, ಎಂದರೆ ೧ ಕಿಲೋಗ್ರಾಂಗೆ, ಉರುಳೆ ಜಾರಬೇಕು. ಒಂದು ಲೀಟರು ನೀರು ತುಂಬಿದ ಸೀಸೆಯನ್ನು ದಾರಕ್ಕೆ ಕಟ್ಟಿ ತೂಗಬಿಟ್ಟು ತಿರುಪನ್ನು ಸರಿಪಡಿಸಿಕೊಂಡರೆ ಸಾಕು, ತಕ್ಕಡಿಯೂ ಬೇಡ. ಮುಕ್ಕಾಲುಭಾಗವನ್ನು ಕೈಬಿಡುವುದೇಕೆ? ಬಿಲ್ಲೆಗಳು ಒಡ್ಡುವುದು ಸ್ಥಿರವಾದ ತಿರುಗುಬಲವನ್ನು. ದಾರದ ಎಳೆತವೆಂದರೆ ಆ ತಿರುಗುಬಲವನ್ನು ಸುತ್ತಿನ ತ್ರಿಜ್ಯದಿಂದ ಭಾಗಿಸಿದ್ದು. ತುಂಬಿದ ಉರುಳೆಯ ತ್ರಿಜ್ಯ ೨೪ ಮಿಲಿಮೀಟರು ಇದ್ದು, ಮೀನಿನ ಓಟದಿಂದ ಅದು ೧೬ಕ್ಕೆ ಇಳಿದರೆ, ತಿರುಪನ್ನು ಯಾರೂ ಮುಟ್ಟದಿದ್ದರೂ ಎಳೆತ ಒಂದೂವರೆ ಕಿಲೋಗ್ರಾಂಗೆ ಏರಿರುವುದು. ಅದರ ಮೇಲೆ ನೀರಿನಲ್ಲಿ ಎಳೆಯಲ್ಪಡುವ ಉದ್ದ ದಾರದ ತಡೆಯೂ ಸೇರಿಕೊಳ್ಳುವುದು. ಆಳವಾದ, ಕಿರಿದಾದ ಹಳೆಯ ಉರುಳೆಗಳಲ್ಲಿ ಈ ಏರಿಕೆ ಇನ್ನೂ ಬೇಗನೆ ಬರುವುದೆಂಬುದನ್ನು ಮರೆಯಬಾರದು. ಉರುಳೆಯನ್ನು ಅಂಚಿಗೆ ಎರಡು ಮಿಲಿಮೀಟರು ಕೆಳಗಿನವರೆಗೆ ತುಂಬಿಡಬೇಕೆನ್ನುವುದು ಇದಕ್ಕಾಗಿ. ದಾರ ತಗ್ಗಿನಲ್ಲಿದ್ದರೆ ಅದು ಅಂಚನ್ನು ಉಜ್ಜಿಕೊಂಡು ಹತ್ತಬೇಕಾಗಿ ಎಸೆತದ ದೂರವೂ ಕುಗ್ಗುವುದು.

ಇನ್ನು ಹುರಿಯ ಮಾತು. ಒಂದು ಲಾಡಿಯನ್ನು ಪೆನ್ಸಿಲಿನ ಮೇಲೆ ಸುತ್ತಿ, ಪೆನ್ಸಿಲನ್ನು ತಿರುಗಿಸದೆ ಲಾಡಿಯನ್ನು ತುದಿಯ ಕಡೆಯಿಂದ ಎಳೆಯಿರಿ: ಸುತ್ತಿಗೊಂದರಂತೆ ಹುರಿ ಬಿದ್ದಿರುವುದು. ರಾಟೆಯ ಕದಿರಿನ ತುದಿಯಿಂದ ನೂಲು ಜಾರುವಾಗ ಹುರಿಗೊಳ್ಳುವುದೂ ಇದೇ ನ್ಯಾಯದಿಂದ. ರಾಟೆಗೆ ವರವಾದುದು ರೀಲಿಗೆ ಶಾಪ. ಎಸೆತದಲ್ಲಿ ಬಿದ್ದ ಹುರಿ ಮರಳಿ ಸುತ್ತುವಾಗ ಬಿಚ್ಚಿಕೊಳ್ಳುವುದರಿಂದ ಲೆಕ್ಕ ಸರಿಹೋಗುವುದು ನಿಜ. ಆದರೆ ಮೀನು ದಾರವನ್ನು ಎಳೆದುಕೊಂಡು ಹೋಗುತ್ತಿರುವಾಗ ಆತುರಗಾರನೊಬ್ಬ ಹಿಡಿಯನ್ನು ತಿರುಗಿಸುತ್ತಲೇ ಇದ್ದನೆನ್ನಿ. ದಾರ ಒಳಬರುವುದಿಲ್ಲ, ಪ್ರದಕ್ಷಿಣೆಯ ಕೈಯ ಪ್ರತಿ ಸುತ್ತಿಗೂ ಒಂದು ಹುರಿ ಮಾತ್ರ ಸೇರುವುದು. ಹಿಡಿಯ ಒಂದು ಸುತ್ತಿಗೆ ಕೈ ನಾಲ್ಕು ಸುತ್ತು ಬರುವ ರೀಲಿನಲ್ಲಿ ಇಪ್ಪತ್ತೈದು ಸುತ್ತಿಗೆ ನೂರು ಹುರಿ! ಹೊಸ ರೀಲಾದರೂ ಈ ತಪ್ಪನ್ನು ಕ್ಷಮಿಸದು.

ದಾರದ ಆಯ್ಕೆಯಲ್ಲಿ ನಮ್ಮ ಮತ ನೈಲಾನಿನ ಕಡೆಗೆ. ಇಂದು ಬಳಕೆಯಲ್ಲಿರುವ ಹೆಣೆದ ಪಾಲಿಎಥಿಲೀನ್ ದಾರ ಬಲದಲ್ಲಿ ಮೇಲು, ದಪ್ಪದಲ್ಲಿ ಕಡಿಮೆ, ಹಿಗ್ಗುವುದಂತೂ ಇಲ್ಲವೆನ್ನುವಷ್ಟು ಅಲ್ಪ. ಆದರೆ ಹಳೆಯ ರೀಲು ಇದಕ್ಕಾಗಿ ಹುಟ್ಟಿದ್ದಲ್ಲ. ನುಣುಪಾದ ಲೋಹದ ಉರುಳೆಯ ಮೇಲೆ ಇಡೀ ಸುತ್ತೇ ಜಾರುವುದು. ಸಡಿಲವಾಗಿ ಸುತ್ತಿದ ಕಡೆ ಮೇಲಿನ ಸುತ್ತು ಕೆಳಗಿನವುಗಳ ನಡುವೆ ಕಚ್ಚಿಕೊಳ್ಳುವುದು. ಮೀನಿನ ಎಳೆತವನ್ನು ತುಸು ಹಿಗ್ಗಿ ತಾಳಿಕೊಳ್ಳುವ ನೈಲಾನಿನ ಗುಣವೂ ಅದಕ್ಕಿಲ್ಲ. ಹೆಣೆದ ದಾರವೇ ಬೇಕೆನ್ನುವವರು ಕೆಳಗೆ ಕೆಲವು ಸುತ್ತು ನೈಲಾನನ್ನು ಹಾಕಿಕೊಳ್ಳಲಿ. ಯಾವ ದಾರಕ್ಕೇ ಆಗಲಿ, ಕಮಾನಿನ ಬುಡದಲ್ಲಿ ದಾರ ಹೊರಳುವ ಜಾಗವನ್ನು ಹತ್ತಿಯ ಎಳೆಯಿಂದ ಸವರಿ ನೋಡತಕ್ಕದ್ದು. ಎಳೆ ಸಿಕ್ಕಿಕೊಂಡರೆ ಅಲ್ಲಿ ದಾರ ಕೊರೆದ ಗೆರೆಯಿದೆಯೆಂದೇ ಅರ್ಥ.

ಹಳೆಯ ರೀಲಿನ ಹಿಡಿ ಭಾರವಾಗಿ ತಿರುಗಿದರೆ ಕೂಡಲೆ ಚಕ್ರಗಳು ಸವೆದುವೆಂದು ತೀರ್ಮಾನಿಸಬೇಡಿ. ದಶಕಗಳ ಗ್ರೀಸು ಗಾಳಿಯ ಆಮ್ಲಜನಕದೊಡನೆ ಕೂಡಿ ಮೇಣದಂತೆ ಗಟ್ಟಿಯಾಗಿರುವುದು. ಪಕ್ಕದ ಮುಚ್ಚಳವನ್ನು ತೆಗೆದು, ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿಟ್ಟು, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸನ್ನು ತೆಳುವಾಗಿ ಸವರಿದರೆ ಎಷ್ಟೋ ರೀಲುಗಳು ಮರುಜೀವ ಪಡೆಯುತ್ತವೆ. ನಿಜವಾಗಿ ಸೋಲುವುದು ಕಮಾನನ್ನು ಮುಚ್ಚುವ ಸ್ಪ್ರಿಂಗು. ಸಾವಿರಾರು ಬಾರಿ ಬಾಗಿದ ಉಕ್ಕು ದಣಿದು ಒಂದು ದಿನ ಮುರಿಯುವುದು. ಎಸೆದ ಮೇಲೆ ಹಿಡಿಯನ್ನು ತಿರುಗಿಸಿ ಕಮಾನನ್ನು ಬಡಿದು ಮುಚ್ಚಿಸುವ ಬದಲು ಕೈಯಿಂದಲೇ ಮುಚ್ಚಿದರೆ ಅದಕ್ಕೆ ಬೀಳುವ ಪೆಟ್ಟು ತಪ್ಪುವುದು. ಬಿಡಿಭಾಗಕ್ಕಾಗಿ ಅದೇ ಮಾದರಿಯ ಮುರುಕು ರೀಲೊಂದನ್ನು ಕೊಂಡಿಡುವುದು ಜಾಣತನ. ಕೊಳ್ಳುವಾಗ ಹಿಡಿ ಯಾವ ಕೈಗೆಂದು ವಿಚಾರಿಸಿಕೊಳ್ಳಿ: ಮಿಚೆಲ್ ೩೦೦ ಎಡಗೈಯಿಂದ ಸುತ್ತುವವರದು, ೩೦೧ ಬಲಗೈಯವರದು, ಇಂದಿನವುಗಳಂತೆ ಹಿಡಿಯನ್ನು ಅತ್ತಿಂದಿತ್ತ ಬದಲಿಸಲಾಗದು.

ವೇಗದಲ್ಲಿ ಮಾತ್ರ ಹಳೆಯದು ಹಿಂದೆ. ೪೪ ಮಿಲಿಮೀಟರು ವ್ಯಾಸದ ಉರುಳೆಯ ಸುತ್ತಳತೆ ಸುಮಾರು ೧೩೮ ಮಿಲಿಮೀಟರು. ಹಿಡಿಯ ಸುತ್ತಿಗೆ ಕೈ ೩.೭ ಸುತ್ತು ಬಂದರೆ ಒಳಬರುವ ದಾರ ೫೧ ಸೆಂಟಿಮೀಟರು. ಅದೇ ಉರುಳೆಗೆ ಆರು ಸುತ್ತಿನ ಹೊಸ ಚಕ್ರಗಳು ೮೩ ಸೆಂಟಿಮೀಟರು ಎಳೆಯುತ್ತವೆ. ಪ್ರವಾಹಕ್ಕೆ ಎದುರಾಗಿ ಎಸೆದ ಗಾಳ ನೀರಿನೊಡನೆ ತನ್ನತ್ತಲೇ ತೇಲಿಬರುವಾಗ ಈ ವ್ಯತ್ಯಾಸ ಕೈಗೆ ಚೆನ್ನಾಗಿ ತಿಳಿಯುವುದು. ಕೆರೆಯಲ್ಲಿ, ನಿಧಾನ ನದಿಯಲ್ಲಿ ಅದು ಲೆಕ್ಕಕ್ಕೆ ಬಾರದು.

ಕಡಲಿಗೆ ಮಾತ್ರ ಹಳೆಯ ರೀಲನ್ನು ಒಯ್ಯದಿರುವುದೇ ಮೇಲು. ಅಲ್ಯೂಮಿನಿಯಮ್ ಮಿಶ್ರಲೋಹದ ಮೈ, ಹಿತ್ತಾಳೆಯ ಒಳಕೊಳವೆ, ಉಕ್ಕಿನ ತಿರುಪು ಇವುಗಳ ನಡುವೆ ಉಪ್ಪುನೀರು ಹೊಕ್ಕರೆ ಅದು ಪುಟ್ಟ ವಿದ್ಯುತ್ಕೋಶವೇ ಆಗಿ, ಅಲ್ಯೂಮಿನಿಯಮ್ ಬಿಳಿಯ ಪುಡಿಯಾಗಿ ಸವೆಯತೊಡಗುವುದು. ಬಣ್ಣ ಕಿತ್ತುಹೋದ ಕಡೆ ಈ ಕಾರ್ಯ ಮೊದಲಾಗುವುದು. ಎಂದಾದರೂ ಒಯ್ದರೆ ಅಂದೇ ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಡ್ರ್ಯಾಗಿನ ತಿರುಪನ್ನು ಪೂರ್ತಿ ಸಡಿಲಿಸಿಡಬೇಕು. ಬಿಗಿದೇ ಇಟ್ಟರೆ ತೊಗಲಿನ ಬಿಲ್ಲೆಗಳು ಚಪ್ಪಟೆಯಾಗಿ, ಮುಂದಿನ ಸಲ ನೀರಿನ ಸೀಸೆಗೆ ಜಾರುವುದೇ ಇಲ್ಲ.